ಹಸಿರು ಪಟ್ಟಿಯ ಕತ್ತೆಗಳು

ನನ್ನ ಮದುವೆ ನಿಶ್ಚಯಕ್ಕೆಂದು ಅವ್ವ ಬಾಗಿಲಿಗೆ ಹಸಿರು ಬಣ್ಣ ಹಚ್ಚಿಸಿದಳು. ಉಳಿದದ್ದನ್ನು ಕತ್ತೆಗಳಿಗೆ ಹಚ್ಚಿದಳು. ಇಷ್ಟೆಲ್ಲ ಫಜೀತಿ ಆದದ್ದು ಅದರಿಂದಲೇ.

ಟ್ರ್ಯಾಕ್ಟರು ಬಂದ ಮೇಲೆ ಯಾರಿಗೂ ಬೇಡವಾದ ಕತ್ತೆಗಳು ನಮ್ಮ ಹಲಬರ್ಗಾದ ಬೀಳು ನೆಲದಲ್ಲಿ ಮರಿ ಹಾಕುತ್ತ ಹಿಂಡಾಗಿದ್ದವು. ಮಳೆಗಾಲದಲ್ಲಿ ಇನ್ನಷ್ಟು ಎಲ್ಲಿಂದಲೋ ಬಂದು ಸೇರಿಕೊಂಡವು. ಅವುಗಳ ಕಿವಿಗೆ ಹಳದಿ ಬಣ್ಣವಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲ ಕೂಡಿ ನಮ್ಮ ಜೋಳದ ಹೊಲಕ್ಕೆ ನುಗ್ಗಿದಾಗ ಅವ್ವನ ಸಿಟ್ಟು ನೆತ್ತಿಗೇರಿತು. ಹೊಟ್ಟಿನ ಆಸೆ ತೋರಿಸಿ ದೊಡ್ಡಿಗೆ ಕೂಡಿದಳು. ತಿರುಗಿ ಬಂದರೆ ಗುರುತಿರಲೆಂದು ಬೆನ್ನಿಗೆ ಹಸಿರು ಪಟ್ಟಿ ಎಳೆದು, ಫಿರೋಜಭಾಯಿಯ ಟೆಂಪೋಗೆ ಹೇರಿಸಿದಳು.

"ದೂರ ಎಲ್ಲರೆ ಬಿಟ್ಟ ಬಾರಪಾ" ಎಂದಳು. ಅವನು ಔರಾದ ರಸ್ತೆ ಹಿಡಿದ.

ವಾರದ ಮೇಲೆ ನನ್ನ ಅತ್ತೆಯಾಗುವವರು, ಅದೇ ರಸ್ತೆಯ ಜನವಾಡದ ಕಸ್ತೂರಿಬಾಯಿ, ಮದುವೆಯ ದಿನ ಗೊತ್ತುಮಾಡಲು ಬಂದರು.

"ಯಾರೋ ಪುಣ್ಯಾತ್ಮರು ನಮ್ಮೂರಾಗ ಕತ್ತಿ ಹಿಂಡು ತಂದು ಬಿಟ್ಟಾರ್ರಿ. ಬೆನ್ನಮ್ಯಾಲ ಹಸರ ಪಟ್ಟಿ. ಕಡ್ಲಿ ಎಲ್ಲಾ ತುಳದು ಹಾಳ ಮಾಡ್ಯಾವ" ಎನ್ನುತ್ತಲೇ ಅವರ ಕಣ್ಣು ನಮ್ಮ ಬಾಗಿಲ ಮೇಲೆ ನಿಂತಿತು.

ಅವ್ವ ಕೈಯ ಕಪ್ಪು-ಬಸಿ ಕೆಳಗಿಟ್ಟಳು. ಹುಡುಗ ನನ್ನ ಮನಸ್ಸಿಗೆ ಬಹಳ ಬಂದಿದ್ದ. ಒಂದು ಡಬ್ಬಿ ಬಣ್ಣಕ್ಕೆ ಮದುವೆ ಮುರಿಯುತ್ತದಲ್ಲ ಎಂದು ನನಗೆ ಅಳುವೇ ಬಂತು.

"ತಪ್ಪಾತ್ರಿ, ನಾನೇ ಬಿಡಿಸಿದ್ದು. ನಿಮ್ಮೂರಿಗಿ ಹೋಗ್ತಾವ ಅಂತ ಗೊತ್ತಿರಲಿಲ್ರಿ. ನನ್ನ ಮಗಳ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ" ಎಂದಳು ಅವ್ವ.

ಕಸ್ತೂರಿಬಾಯಿ ಸೆರಗಿನ ಅಂಚು ತಿರುವುತ್ತ ಅವ್ವನನ್ನು ಕೇಳಿದರು:

"ಸತ್ಯಮ್ಮನವರ, ನಮ್ಮನಿ ಬಾಗಲಾ ಯಾವ ಬಣ್ಣ ಅದ, ನೆನಪದ ಏನ್ರಿ?"

ಮನೆ ನೋಡಲು ಹೋದಾಗ ನಾವು ಕಂಡಿದ್ದ ಬಾಗಿಲು ಹಳದಿ.

"ಮಳಿಗಾಲದಾಗ ನಾವೂ ಹಿಂಗೇ ಕತ್ತಿ ಕಿವಿಗಿ ಗುರ್ತ ಹಚ್ಚಿ ನಿಮ್ಮ ಕಡಿ ಬಿಟ್ಟಿದ್ದೆವ್ರಿ. ಮಾಡಿದ್ದುಣ್ಣೋ ಮಹಾರಾಯ ಅಂದಂಗ ಆತು!"

ಇಬ್ಬರೂ ನಗಲು ಶುರುಮಾಡಿದರೆ ನಿಲ್ಲಿಸುವವರೇ ಇಲ್ಲ. ಕೊನೆಗೆ ಅವ್ವ ಕಣ್ಣೊರೆಸಿಕೊಂಡು, "ಇನ್ನ ಯಾರ ಊರಿಗೂ ಬಿಡೋದು ಬ್ಯಾಡ್ರಿ. ಭಾಲ್ಕಿ ದನದ ಡಾಕ್ಟರಿಗಿ ಕರಸಿ, ಮರಿ ಹೆಚ್ಚಾಗದಂಗ ಗಂಡು ಕತ್ತಿಗೆಲ್ಲಾ ಆಪರೇಶನ್ ಮಾಡಸೋಣ. ಅರ್ಧ ನೀವು ಸಾಕ್ರಿ, ಅರ್ಧ ನಾವು" ಎಂದಳು. ಹೀಗೆ ನನ್ನ ಮದುವೆಗಿಂತ ಮೊದಲು ಕತ್ತೆಗಳ ಆಪರೇಶನ್ನಿಗೆ ದಿನ ಗೊತ್ತಾಯಿತು.

ಈಗ ಬೆಳಗ್ಗೆ ಹಳದಿ ಬಾಗಿಲು ತೆರೆದರೆ, ಮಾಸಿದ ಹಸಿರು ಪಟ್ಟಿಯ ಕತ್ತೆಯೊಂದು ಮುಸುರೆಗೆ ಕಾದು ನಿಂತಿರುತ್ತದೆ. ತವರು ನೆನಪಾಗುತ್ತದೆ. ಅತ್ತೆ ನೋಡದಾಗ ಅದಕ್ಕೊಂದು ರೊಟ್ಟಿ ಹೆಚ್ಚಿಗೆ ಹಾಕುತ್ತೇನೆ.