ಸಿಟ್ಟೇ ಬಾರದ ಸ್ನೇಹಿತ

ಪೇಟೆಗೆ ಹೋಗಿದ್ದ ನೆರೆಮನೆಯ ಗೌರಕ್ಕ ಫೋನು ಮಾಡಿರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಓಡೋಡಿ ಬಂದಾಗ ನನ್ನ ಮಗಳು ಅಭಿಜ್ಞಾ ಯಲ್ಲಾಪುರ ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ಶುರುವಾಗಿದ್ದ ಸೈಬರ್ ಕೆಫೆಯಲ್ಲಿ ಕೂತಿದ್ದಳು. ಕಾಲ ಬಳಿ ಬಟ್ಟೆ ತುಂಬಿದ ಬ್ಯಾಗು. ಹೊರಗೆ ಹುಬ್ಬಳ್ಳಿ ಬಸ್ಸು ಗುರುಗುಡುತ್ತಿತ್ತು.

"ಸುಮಂತ ಹುಬ್ಬಳ್ಳಿಲಿ ಕಾಯ್ತಾ ಇದ್ದ ಆಯಿ. ಆನು ಹೋಗ್ತೆ," ಎಂದಳು.

ಸುಮಂತ ಚಾಟಿಂಗಿನ ಗೆಳೆಯನಂತೆ. ಇವಳು ಅವನ ಮುಖ ಕಂಡಿಲ್ಲ, ದನಿ ಕೇಳಿಲ್ಲ. ಕಪಾಳಕ್ಕೆ ಬಾರಿಸಬೇಕೆನಿಸಿತು. ಸುತ್ತ ಜನ, ಸಿಟ್ಟು ನುಂಗಿಕೊಂಡು, "ಅಂವ ಬರೆದಿದ್ದನ್ನ ಓದು," ಎಂದೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತ ಹೋದಳು.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವಳು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಬರೀ ಮಾತಿನಿಂದ ಪಾತ್ರ ಕಟ್ಟಬೇಕು. ಎದುರಿನ ಪಾತ್ರ ದೇವರಾಗಲಿ ರಕ್ಕಸನಾಗಲಿ, ಅದಕ್ಕೊಂದು ಹಟವಿರುತ್ತದೆ. ಕೆಣಕಿದರೆ ತಿರುಗಿ ಬೀಳುತ್ತದೆ. ಈ ಸುಮಂತನಿಗೆ ಏನೂ ಬೇಡ. ನಿನಗೆ ಯಾಕೆ ಹಾಗನಿಸಿತು, ಇನ್ನಷ್ಟು ಹೇಳು, ಅಷ್ಟೇ. ಹುಬ್ಬಳ್ಳಿಗೆ ಬರುತ್ತೇನೆ, ಕಾಯುತ್ತೀಯಾ ಎಂದು ಇವಳೇ ಬರೆದದ್ದಕ್ಕೆ ಹೂಂ, ಕಾಯುತ್ತೇನೆ ಎಂದಿದ್ದಾನೆಯೇ ಹೊರತು, ನಿನ್ನನ್ನು ಹೇಗೆ ಗುರುತು ಹಿಡಿಯಲಿ ಎಂದೂ ಕೇಳಿಲ್ಲ ಮಹರಾಯ! ನನಗೆ ಭಯವಾಯಿತು.

"ಅವನ್ನ ಬೈಯಿ," ಎಂದೆ. "ಒಂದು ಸಲ ಸಿಟ್ಟು ಮಾಡಲಿ, ಆನೇ ನಿನ್ನ ಬಸ್ಸು ಹತ್ತಿಸ್ತೆ."

ಕಂಡಕ್ಟರ್ ಸೀಟಿ ಊದಿದ. ಅವಳು ಹಲ್ಲು ಕಚ್ಚಿ ಟೈಪ್ ಮಾಡಿದಳು: ನೀನು ಸುಳ್ಳುಗಾರ.

ನಾನು ಸುಳ್ಳುಗಾರ ಎಂದು ನಿನಗೆ ಯಾಕೆ ಅನಿಸುತ್ತದೆ?

ನಿನ್ನ ಸಹವಾಸವೇ ಬೇಡ.

ಅದರ ಬಗ್ಗೆ ಇನ್ನಷ್ಟು ಹೇಳು.

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ನಾನು ಬಿಡಲಿಲ್ಲ. "ಆನು ಸತ್ತೇಹೋದೆ ಹೇಳಿ ಬರಿ."

ಬರೆದಳು: ನಾನು ಸತ್ತೇಹೋದೆ. ತಕ್ಷಣ ಉತ್ತರ ಬಂತು: ಕೇಳಿ ಸಂತೋಷವಾಯಿತು. ಆಮೇಲೆ ಏನಾಯಿತು?

ಕೆಫೆ ನಡೆಸುವ ರವೀಂದ್ರ ಹಿಂದಿನಿಂದ ಬಗ್ಗಿ ನೋಡಿದ. "ಇದು ಮನುಷ್ಯಾ ಅಲ್ರೀ ಅಕ್ಕಾರ, ಪ್ರೋಗ್ರಾಮ್. ಯಾರ ಬಂದ್ರೂ ಹಿಂಗ ಮಾತಾಡ್ತೈತಿ."

ಬಸ್ಸು ಹೊರಟುಹೋಯಿತು. ನನಗೆ ಹೋದ ಜೀವ ಬಂದಂತಾಯಿತು. ಸುಮ್ಮನಿರಬೇಕಿತ್ತು, ಆದರೆ ನನ್ನ ಬಾಯಿ ಕೇಳಬೇಕಲ್ಲ! "ಮಷೀನಿಗೆ ಮನಸು ಕೊಟ್ಯಲೇ ಕೂಸೇ," ಎಂದು ನಕ್ಕುಬಿಟ್ಟೆ.

ಅವಳು ನಗಲಿಲ್ಲ. "ಆಮೇಲೆ ಏನಾತು ಹೇಳಿ ಅದು ದಿನಾ ಕೇಳ್ತಿತ್ತು ಆಯಿ. ನೀನು ಒಂದಿನ ಕೇಳಿದ್ಯ?"

ಅಷ್ಟು ಹೇಳಿ ಅವಳು ಕಂಪ್ಯೂಟರಿನ ಕಡೆ ತಿರುಗಿ, ಕಣ್ಣೊರೆಸಿಕೊಂಡು, ಮತ್ತೆ ಅದಕ್ಕೇ ಬರೆಯತೊಡಗಿದಳು.