ಕನ್ನಡದಲ್ಲಿ ಬರೆದ ಹಳದಿ ಚೀಟಿ

ಸುಬ್ರಹ್ಮಣ್ಯ ಹೆಮ್ಮೆಪಡುತ್ತಿದ್ದದ್ದು ಒಂದು ಡಬ್ಬದ ಬಗ್ಗೆ. ವಡೋದರಾದ ಮಕರಪುರ ಕಡೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಅವನು ಸುರಕ್ಷತಾ ಅಧಿಕಾರಿ. ಕ್ಯಾಂಟೀನಿನ ಬಾಗಿಲ ಪಕ್ಕ ಆ ಡಬ್ಬ ನೇತುಹಾಕಿಸಿದವನು ಅವನೇ. ಏಣಿಯಿಂದ ಕಾಲು ಜಾರಿಯೂ ಬೀಳದೆ ಉಳಿದವರು, ತಪ್ಪು ವಾಲ್ವ್ ತಿರುಗಿಸಲು ಹೋಗಿ ಕೊನೆ ಗಳಿಗೆಯಲ್ಲಿ ಕೈ ಹಿಂದೆಗೆದವರು, ಹೀಗೆ ಕೂದಲೆಳೆಯಲ್ಲಿ ಪಾರಾದವರೆಲ್ಲ ನಡೆದದ್ದನ್ನು ಒಂದು ಹಳದಿ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ಹೆಸರು ಬೇಕಿಲ್ಲ. ಬರೆದವರನ್ನು ಬೈಯುವಂತಿಲ್ಲ, ಆಡಿಕೊಂಡು ನಗುವಂತಿಲ್ಲ, ಇನ್ನೊಬ್ಬರಿಗೆ ತೋರಿಸುವಂತಿಲ್ಲ, ಯಾರ ಚೀಟಿ ಎಂದು ಹುಡುಕುವಂತಿಲ್ಲ. ಚೀಟಿಯ ಕೆಳಭಾಗದಲ್ಲಿ ‘ಯಾಕೆ?’ ಎಂದು ಐದು ಸಲ ಅಚ್ಚಾಗಿರುತ್ತದೆ. ಕಾಲು ಯಾಕೆ ಜಾರಿತು? ನೆಲದ ಮೇಲೆ ಎಣ್ಣೆ ಇತ್ತು. ಎಣ್ಣೆ ಯಾಕಿತ್ತು? ಪಂಪು ಸೋರುತ್ತಿತ್ತು. ಹೀಗೆ ಐದು ಸಲ ಕೇಳಿಕೊಂಡು ಹೋದರೆ ನಿಜವಾದ ಕಾರಣ ಸಿಕ್ಕೇ ಸಿಗುತ್ತದೆ ಎಂಬುದು ಅವನ ನಂಬಿಕೆ. ಮೂರು ವರ್ಷದಿಂದ ಅಲ್ಲಿ ಒಂದು ದೊಡ್ಡ ಅಪಘಾತವೂ ಆಗಿರಲಿಲ್ಲ, ಆದ್ದರಿಂದ ನಂಬಿಕೆಗೆ ಆಧಾರವೂ ಇತ್ತು ಅನ್ನಿ.

ತಮ್ಮ ಕೆಲಸವನ್ನು ಇಷ್ಟೊಂದು ಪ್ರೀತಿಸುವ ಗಂಡಸರ ತೊಂದರೆ ಏನೆಂದರೆ, ಅವರು ಅದನ್ನು ಮನೆಗೂ ತರುತ್ತಾರೆ.

ಜುಲೈ ತಿಂಗಳಲ್ಲಿ, ಮಂಜಲ್‌ಪುರದ ಅವರ ಫ್ಲ್ಯಾಟಿನಲ್ಲಿ, ಹಾಸಿಗೆಯ ಹೊದಿಕೆ ಬದಲಿಸಲು ಹೋದ ಹೆಂಡತಿ ಅನುರಾಧಾಳ ಕೈಗೆ ಮಗಳ ಗಣಿತದ ಉತ್ತರಪತ್ರಿಕೆ ಸಿಕ್ಕಿತು. ನಲವತ್ತಕ್ಕೆ ಹನ್ನೊಂದು. ಹದಿನೈದು ದಿನದಿಂದ ಅದು ಹಾಸಿಗೆಯ ಅಡಿಯಲ್ಲೇ ಮಲಗಿತ್ತು. ಮಗಳು ಮನಸ್ವಿನಿ ಒಂಬತ್ತನೇ ತರಗತಿ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇದೇ ಊರಿನಲ್ಲಿ. ಸುಬ್ರಹ್ಮಣ್ಯ ಬೈಯಲಿಲ್ಲ. ಬೈಯದೆ ಇದ್ದದ್ದಕ್ಕೆ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಮಾರನೆಯ ದಿನ ಸಂಜೆ ಹಳದಿ ರಟ್ಟಿನ ಒಂದು ನೋಟ್‌ಬುಕ್ ತಂದು ಅವಳ ಮುಂದಿಟ್ಟ.

“ನೋಡು ಮನು, ಫ್ಯಾಕ್ಟ್ರಿಲಿ ಹೆಂಗೋ ಮನೇಲೂ ಹಂಗೇ. ಪ್ರತಿ ಭಾನುವಾರ ಇದ್ರಲ್ಲಿ ಬರಿ. ಏನು ತಪ್ಪಾಯ್ತು, ಯಾಕಾಯ್ತು, ಐದು ಸಲ. ಏನೇ ಬರೆದ್ರೂ ನಾನು ಬೈಯಲ್ಲ. ನಿಜ ಬರೀಬೇಕು ಅಷ್ಟೇ.”

“ಯಾರಿಗೂ ತೋರಿಸಲ್ಲ ಅಲ್ವಾ?”

“ರೂಲೇ ಅದು ಕಣೇ.”

“ಪ್ರಾಮಿಸ್?”

“ಪ್ರಾಮಿಸ್.”

ಅವಳು ಬರೆದಳು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಎರಡು ಬೇಸಿಗೆ ರಜೆಯಲ್ಲಿ ಅಪ್ಪ ಕೂರಿಸಿಕೊಂಡು ಕಲಿಸಿದ್ದ ಅಕ್ಷರಗಳವು. ಒಂದೊಂದು ಒತ್ತಕ್ಷರಕ್ಕೂ ಪೆನ್ಸಿಲು ಒತ್ತಿ ಕಾಗದ ಉಬ್ಬಿತ್ತು.

‘ಮಾರ್ಕ್ಸ್ ಯಾಕೆ ಕಡಿಮೆ? ಲೆಕ್ಕ ಗೊತ್ತಾಗಲಿಲ್ಲ. ಟೀಚರನ್ನು ಯಾಕೆ ಕೇಳಲಿಲ್ಲ? ಕೇಳಿದರೆ ಎಲ್ಲರು ನನ್ನ ನೋಡುತ್ತಾರೆ. ನೋಡಿದರೆ ಏನು? ಅಳು ಬರುತ್ತೆ. ಅಳು ಬಂದರೆ ಏನು ಮಾಡುತ್ತಿ? ಬಾತ್‌ರೂಮ್ ಹೋಗಿ ನಲ್ಲಿ ಜೋರು ಬಿಟ್ಟು ಅಳುತೀನಿ, ಸೌಂಡ್ ಬರಲ್ಲ. ಮನೆಯಲ್ಲಿ ಯಾಕೆ ಹೇಳಲಿಲ್ಲ? ಅಪ್ಪ ಒಳ್ಳೆಯವರು. ಆದರೆ ಮುಖ ಹೆದರಿಕೆ.’

ಓದಿ ಸುಬ್ರಹ್ಮಣ್ಯನಿಗೆ ಕಣ್ಣು ತುಂಬಿ ಬಂತು, ಇದು ಸುಳ್ಳಲ್ಲ. ಮಗಳ ತಲೆ ಸವರಿದ. ಜಯಾಬೆನ್ ಎಂಬವರ ಬಳಿ ಗಣಿತಕ್ಕೆ ಟ್ಯೂಷನ್ ಗೊತ್ತುಮಾಡಿದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ವಾರ ಕಾರ್ಖಾನೆಯಲ್ಲಿ ಅವನ ತರಬೇತಿ ತರಗತಿ. ಅರವತ್ತು ಜನ, ಊಟವಾದ ಮೇಲಿನ ಹೊತ್ತು, ಮೂರನೇ ಸಾಲಿನಿಂದಾಚೆ ಎಲ್ಲರೂ ತೂಕಡಿಸುವವರೇ. ಐದು ‘ಯಾಕೆ’ಗಳನ್ನು ವಿವರಿಸುತ್ತಿದ್ದವನಿಗೆ ಏನನಿಸಿತೋ, ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಮಗಳ ಆ ಪುಟದ ಫೋಟೋವನ್ನು ಪರದೆಯ ಮೇಲೆ ಹಾಕಿದ. “ಇದು ನನ್ನ ಮಗಳ ಚೀಟಿ,” ಎಂದು ಒಂದೊಂದೇ ಸಾಲನ್ನು ಹಿಂದಿಗೆ ತಿರುಗಿಸಿ ಓದಿದ. ‘ಮುಖ ಹೆದರಿಕೆ’ಗೆ ಬಂದಾಗ ಇಡೀ ಸಭೆ ಗೊಳ್ಳೆಂದಿತು. ಶಿಫ್ಟ್ ಇನ್‌ಚಾರ್ಜ್ ನಿತಿನ್‌ಭಾಯ್ ಮೇಜು ಕುಟ್ಟಿ ನಕ್ಕ. ಸುಬ್ರಹ್ಮಣ್ಯನೂ ನಕ್ಕ. ಆ ಸಭಾಂಗಣದಲ್ಲಿ ಅಷ್ಟು ಜನ ತನ್ನ ಮಾತಿಗೆ ನಕ್ಕದ್ದು ಅದೇ ಮೊದಲು, ಹಾಗಾಗಿ ಮನೆಗೆ ಹೋಗುವವರೆಗೂ ಅದರ ಖುಷಿ ಇಳಿದಿರಲಿಲ್ಲ.

ಒಬ್ಬ ಮಾತ್ರ ನಕ್ಕಿರಲಿಲ್ಲ. ಬಾಗಲಕೋಟೆ ಕಡೆಯ ಹಾಲಪ್ಪ, ಕ್ರೇನ್ ಆಪರೇಟರ್, ನಿವೃತ್ತಿಗೆ ಎರಡು ವರ್ಷ ಇದ್ದವನು. ಪರದೆಯ ಮೇಲಿನ ಅಕ್ಷರಗಳನ್ನು ಅಲ್ಲಿ ನೇರವಾಗಿ ಓದಬಲ್ಲವನು ಅವನೊಬ್ಬನೇ. ಅವನು ನಗದೆ ಇದ್ದದ್ದನ್ನು ಸುಬ್ರಹ್ಮಣ್ಯ ಗಮನಿಸಿದ್ದ. ಊಟ ಹೆಚ್ಚಾಗಿ ನಿದ್ದೆ ಬಂದಿರಬೇಕು ಎಂದುಕೊಂಡಿದ್ದ.

ಮನಸ್ವಿನಿಯ ನೋಟ್‌ಬುಕ್ ಆಮೇಲೂ ಪ್ರತಿ ಭಾನುವಾರ ತುಂಬುತ್ತ ಹೋಯಿತು. ಎರಡನೇ ವಾರದಿಂದ ಅದು ಇಂಗ್ಲಿಷಿನಲ್ಲಿತ್ತು. ಓದಲು ಸಮಯ ಸಾಲಲಿಲ್ಲ. ಕಾರಣ, ವೇಳಾಪಟ್ಟಿ ಇರಲಿಲ್ಲ. ಪರಿಹಾರ, ವೇಳಾಪಟ್ಟಿ ಮಾಡಿಕೊಳ್ಳುವುದು. ಒಂದು ಚಿತ್ತಿಲ್ಲ, ಕಾಟಿಲ್ಲ.

“ಎಷ್ಟು ಚೆನ್ನಾಗಿ ಅನಲೈಸ್ ಮಾಡ್ತಾಳೆ ನೋಡು,” ಎಂದ ಹೆಂಡತಿಗೆ.

ಗೋರ್ವಾ ಕಡೆಯ ಔಷಧ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಅನುರಾಧಾ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. “ಅವ್ಳು ನನ್ ಹತ್ರ ಮಾತಾಡೋದೇ ಕಮ್ಮಿ ಆಗಿದೆ ರೀ. ಇದು ಓದಿದ್ರೆ ನಿಮ್ ಆಫೀಸ್ ಪೇಪರ್ ಓದ್ದಂಗಿದೆ,” ಎಂದಳು.

“ಒಳ್ಳೇದಲ್ವಾ?” ಎಂದ ನಮ್ಮ ಪುಣ್ಯಾತ್ಮ.

ಇಷ್ಟರಲ್ಲಿ ಕಾರ್ಖಾನೆಯ ಡಬ್ಬ ಬರಿದಾಗತೊಡಗಿತ್ತು. ವಾರಕ್ಕೆ ಇಪ್ಪತ್ತು ಚೀಟಿ ಬೀಳುತ್ತಿದ್ದದ್ದು ಆರಕ್ಕಿಳಿಯಿತು, ಆಮೇಲೆ ಎರಡಕ್ಕೆ. ಆ ಎರಡೂ ನೀಟಾದ ಚೀಟಿಗಳು: ‘ಹೆಲ್ಮೆಟ್ ಮರೆತಿದ್ದೆ, ಇನ್ನು ಮರೆಯುವುದಿಲ್ಲ.’ ಚೀಟಿ ಕಡಿಮೆಯಾದರೆ ಅಪಾಯ ಕಡಿಮೆಯಾಯಿತೆಂದು ಅರ್ಥವಲ್ಲ, ಜನ ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ಅರ್ಥ. ಸುಬ್ರಹ್ಮಣ್ಯ ಇದನ್ನು ಬೇರೆ ಕಾರ್ಖಾನೆಗಳಿಗೆ ಹೋಗಿ ಪಾಠ ಹೇಳಿ ಬಂದವನು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹಾಲಪ್ಪನನ್ನು ಕ್ರೇನಿನ ಬಳಿ ನಿಲ್ಲಿಸಿ ಕೇಳಿದ.

“ಏನ್ ಹಾಲಪ್ಪನೋರೆ, ಯಾರೂ ಚೀಟಿ ಹಾಕ್ತಾನೇ ಇಲ್ವಲ್ಲ?”

ಹಾಲಪ್ಪ ಕೈಗವಸು ಕಳಚಿದ. “ಸಿಟ್ಟ ಆಗಂಗಿಲ್ಲ ಅಂದ್ರ ಹೇಳ್ತೀನ್ರಿ, ಸಾಹೇಬ್ರ.”

“ಸಿಟ್ಟಾಗಲ್ಲ, ಹೇಳಿ.”

“ಮಗಳ ಚೀಟೀನ ಪರದೆ ಮ್ಯಾಲೆ ಹಾಕಿದವ್ರು ನಮ್ದ ಬಿಡ್ತಾರೇನು ಅಂತಾರ್ರಿ ಮಂದಿ.”

“ಅದು ನಮ್ಮನೆ ವಿಷಯ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?”

ಹಾಲಪ್ಪ ಕೈಗವಸು ಮಡಚಿ ಜೇಬಿಗಿಟ್ಟ. “ನಿಮ್ಮ ಹುಡುಗಿ ಇಂಗ್ಲಿಷ್ ಸಾಲ್ಯಾಗ ಓದತಾಳ. ಆ ಚೀಟಿ ಕನ್ನಡದಾಗ ಯಾಕ ಬರದಾಳ ಅಂತ ಒಂದ ಸಲನರ ಕೇಳಿದ್ರೇನ್ರಿ? ಆಕಿಗೆ ಗೊತ್ತಿರೂ ಮಂದ್ಯಾಗ ಅದನ್ನ ಓದಾಕ ಬರೂದು ಆಕಿ ಅವ್ವಗ, ಅಪ್ಪಗ, ಇಬ್ಬರಿಗೇ. ಕೂಸು ಕೀಲಿ ಹಾಕಿ ನಿಮ್ಮ ಕೈಯಾಗ ಕೊಟ್ಟಿತ್ತರಿ. ನೀವು ಕೀಲಿ ತಗದು ಎಲ್ಲಾರಿಗೂ ಹಿಂದ್ಯಾಗ ಓದಿ ಹೇಳಿದ್ರಿ.”

ಸುಬ್ರಹ್ಮಣ್ಯನಿಗೆ ಸಿಟ್ಟು ಬಂತು. ಸಿಟ್ಟಾಗುವುದಿಲ್ಲ ಎಂದು ಮಾತು ಕೊಟ್ಟದ್ದು ನೆನಪಾಗಿ ನುಂಗಿಕೊಂಡು ಕಚೇರಿಗೆ ನಡೆದ. ಕುರ್ಚಿಯಲ್ಲಿ ಕೂತ ಮೇಲೆ ಸಿಟ್ಟು ಹೋಗಿ, ಅದರ ಜಾಗದಲ್ಲಿ ಇನ್ನೇನೋ ಬಂದು ಕೂತಿತು. ಮಗಳನ್ನು ಅವನು ಸಾವಿರ ‘ಯಾಕೆ’ ಕೇಳಿದ್ದ. ಇದೊಂದನ್ನು ಕೇಳಿರಲಿಲ್ಲ.

ಎರಡು ದಿನ ಮಗಳ ಜೊತೆ ಮಾತಾಡಬೇಕೆಂದುಕೊಂಡ, ಆಗಲಿಲ್ಲ. ಮೂರನೇ ದಿನ ಸಂಜೆ ನಾಲ್ಕೂವರೆಗೆ ಟ್ಯೂಷನ್ನಿನ ಜಯಾಬೆನ್ ಫೋನ್ ಮಾಡಿದರು. ಮನಸ್ವಿನಿಯ ಜ್ವರ ಇಳಿಯಿತೇ, ಮೂರು ವಾರವಾಯಿತು ಬಂದೇ ಇಲ್ಲವಲ್ಲ ಎಂದು ಹಿಂದಿಯಲ್ಲಿ ವಿಚಾರಿಸಿದರು. ಮೂರು ವಾರದಿಂದಲೂ ಅವಳು ವಾರಕ್ಕೆ ನಾಲ್ಕು ಸಂಜೆ ಐದಕ್ಕೆ ಬ್ಯಾಗು ಹಾಕಿಕೊಂಡು ಹೊರಟು ಏಳಕ್ಕೆ ವಾಪಸ್ಸು ಬರುತ್ತಿದ್ದಳು.

ಸ್ಕೂಟರನ್ನು ಹೇಗೆ ಓಡಿಸಿಕೊಂಡು ಬಂದನೋ ಅವನಿಗೇ ಗೊತ್ತಿಲ್ಲ. ಬರುವಷ್ಟರಲ್ಲಿ ಐದೂಕಾಲು. ಅವಳ ಸೈಕಲ್ಲು ಪಾರ್ಕಿಂಗಿನಲ್ಲೇ ಇತ್ತು. ವಾಚ್‌ಮನ್ ಮೇಲಕ್ಕೆ ಕೈ ತೋರಿಸಿ, “ಬೇಬಿ ತೋ ಊಪರ್ ಹೈ, ರೋಜ್ ಊಪರ್ ಹೀ ಬೈಠತೀ ಹೈ,” ಎಂದ. ದಿನಾ ಮೇಲೇ ಕೂರುತ್ತಾಳಂತೆ. ಊರಿಗೆಲ್ಲ ಗೊತ್ತಿದ್ದದ್ದು ಅಪ್ಪನಿಗೆ ಗೊತ್ತಿರಲಿಲ್ಲ.

ಏಳನೇ ಮಹಡಿಯ ಮೇಲೆ, ಟೆರೇಸಿನ ಬೀಗ ಹಾಕಿದ ಬಾಗಿಲಿಗೆ ಹೋಗುವ ಮೆಟ್ಟಿಲುಗಳ ಮೇಲೆ ಅವಳು ಕೂತಿದ್ದಳು. ತೊಡೆಯ ಮೇಲೆ ಗಣಿತದ ಪುಸ್ತಕ. ಲೆಕ್ಕ ಮಾಡುತ್ತಿದ್ದಳು. ಆಟವಾಡುತ್ತಲೋ ಫೋನು ನೋಡುತ್ತಲೋ ಕೂತಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನನ್ನು ಕಂಡವಳೇ ಎದ್ದು ನಿಂತು, ಮುಖ ಒರೆಸಿಕೊಂಡು, ಒಂದೇ ಉಸಿರಿಗೆ ಶುರುಮಾಡಿದಳು.

“ಅಪ್ಪಾ, ರೀಸನ್ ಏನಂದ್ರೆ ನಾನು ಟೈಮ್ ಸರಿ ಮ್ಯಾನೇಜ್ ಮಾಡಿಲ್ಲ. ನಾಳೆಯಿಂದ ರೆಗ್ಯುಲರ್ ಹೋಗ್ತೀನಿ. ಸಂಡೇ ಬುಕ್‌ನಲ್ಲಿ ಬರೀತೀನಿ.”

ನಾಲಿಗೆ ತುದಿಗೆ ಬಂದಿದ್ದ ‘ಯಾಕೆ’ ಅಲ್ಲೇ ನಿಂತಿತು. ಈ ಮಾತುಗಳು ಅವನವೇ. ಅವಳು ಕಲಿತದ್ದನ್ನು ಒಪ್ಪಿಸುತ್ತಿದ್ದಳು ಅಷ್ಟೆ. ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಮಾಡಿ ಕೂತ. ತನ್ನ ಮುಖ ಅವಳಿಗೆ ಕಾಣದಿರಲಿ ಎಂದೇ ಹಾಗೆ ಕೂತದ್ದು. ಕೆಳಗೆ ಯಾರದೋ ಮನೆಯಲ್ಲಿ ಒಗ್ಗರಣೆಯ ಘಾಟು ಎದ್ದು ಇಬ್ಬರೂ ಒಂದೊಂದು ಸಲ ಸೀನಿದರು.

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಧ್ವನಿ ಬಂತು. “ನೀವು ಅದು ಕ್ಲಾಸಲ್ಲಿ ಓದಿದ್ರಿ ಅಲ್ವಾ?”

“ಹೂಂ.”

“ನಿತಿನ್ ಅಂಕಲ್ ಮನೇಲಿ ಹೇಳಿದ್ರಂತೆ. ಅವರ ಮಗಳು ನನ್ನ ಟ್ಯೂಷನ್‌ನಲ್ಲೇ ಇದಾಳೆ. ನಾನು ಒಳಗೆ ಹೋದ್ರೆ ಎಲ್ಲರೂ ‘ನಲ್ ಚಾಲೂ ಕರ್ ದೋ’ ಅಂತಾರೆ, ನಲ್ಲಿ ಬಿಡಿ ಇವಳು ಅಳ್ತಾಳೆ ಅಂತ. ಮೊದಲು ಸ್ವಲ್ಪ ಜನ. ಈಗ ಎಲ್ಲರೂ.” ಆಮೇಲೆ, ಅವನು ಕೇಳದೆಯೇ, “ನಾನು ಕನ್ನಡದಲ್ಲಿ ಬರೆದಿದ್ದೆ, ಅಪ್ಪಾ,” ಎಂದಳು.

ನಿತಿನ್‌ಭಾಯಿಯನ್ನು ಬೈಯೋಣವೆಂದರೆ ಅವನದೇನು ತಪ್ಪು? ಅಪ್ಪನೇ ಮೈಕು ಹಿಡಿದು ಹೇಳಿದ ಮಾತನ್ನು ಅವನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದ. ಜುಲೈಯಿಂದ ಈ ಹುಡುಗಿ ನಲ್ಲಿಯನ್ನೂ ಬಿಡಲಾಗದೆ, ಅಳುವುದಕ್ಕೆ ಇನ್ನೊಂದು ಜಾಗ ಹುಡುಕಿಕೊಂಡು ಬೀಗ ಹಾಕಿದ ಬಾಗಿಲವರೆಗೆ ಬಂದಿದ್ದಳು. ಇದ್ದ ಒಂದು ಜಾಗವನ್ನೂ ತಾನೇ ಕಿತ್ತುಕೊಂಡೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಬೆಳಿಗ್ಗೆ ಮನಸ್ವಿನಿ ಏಳುವ ಮೊದಲೇ ಅವನು ಊಟದ ಮೇಜಿನ ಮುಂದೆ ಆ ಹಳದಿ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದ. ಮೂರು ಸಲ ಬರೆದು ಹೊಡೆದುಹಾಕಿದ. ಅನುರಾಧಾ ತಂದಿಟ್ಟ ಕಾಫಿ ಆರಿಹೋಯಿತು. ಮಗಳು ಹಲ್ಲುಜ್ಜಿ ಬಂದಾಗ ಪುಸ್ತಕವನ್ನು ಅವಳತ್ತ ತಳ್ಳಿದ. ಅವಳು ನಿಂತುಕೊಂಡೇ, ತುಟಿ ಅಲುಗಿಸುತ್ತ, ನಿಧಾನವಾಗಿ ಓದಿದಳು.

‘ಮಗಳ ಚೀಟಿಯನ್ನು ಯಾಕೆ ಓದಿದೆ? ಎಲ್ಲರೂ ನಗುತ್ತಾರೆ ಎಂದು ಗೊತ್ತಿತ್ತು. ಅವರ ನಗು ಯಾಕೆ ಬೇಕಿತ್ತು? ನನ್ನ ಕ್ಲಾಸಿನಲ್ಲಿ ಜನ ನಿದ್ದೆ ಮಾಡುತ್ತಾರೆ, ನನಗೆ ಅವಮಾನವಾಗುತ್ತದೆ. ಯಾವನಾದರೂ ಕೆಲಸಗಾರನ ಚೀಟಿ ಯಾಕೆ ಓದಲಿಲ್ಲ? ಓದಿದ್ದರೆ ಅವನು ಬಂದು ನನ್ನನ್ನು ಕೇಳುತ್ತಿದ್ದ. ಮಗಳು ಯಾಕೆ ಕೇಳಲಿಲ್ಲ? ಕೇಳಲು ಅವಳಿಗೆ ಹೆದರಿಕೆ. ಯಾಕೆ ಹೆದರಿಕೆ? ನನ್ನ ಮುಖ. ಇದು ನನಗೆ ಮೊದಲೇ ಗೊತ್ತಿತ್ತು, ಅವಳೇ ಬರೆದು ತಿಳಿಸಿದ್ದಳು. ನಾನು ಅದಕ್ಕೆ ನಕ್ಕೆ.’

ಓದಿ ಮುಗಿದರೂ ಅವಳು ಪುಟದಿಂದ ಕಣ್ಣೆತ್ತಲಿಲ್ಲ. “ಇದನ್ನ ನಿಮ್ಮ ಕ್ಲಾಸಲ್ಲಿ ಓದ್ತೀರಾ?”

ಅದು ಚುಚ್ಚುಮಾತಾಗಿರಲಿಲ್ಲ, ಕುತೂಹಲದಿಂದಲೇ ಕೇಳಿದ್ದಳು. ಸುಬ್ರಹ್ಮಣ್ಯನಿಗೆ ಆ ಸಭಾಂಗಣ ಕಣ್ಣಿಗೆ ಕಟ್ಟಿತು. ಅರವತ್ತು ಮುಖ, ಪರದೆಯ ಮೇಲೆ ತನ್ನ ಕೈಬರಹ, ‘ನನಗೆ ಅವಮಾನವಾಗುತ್ತದೆ’ ಎಂಬ ಸಾಲನ್ನು ಹಿಂದಿಯಲ್ಲಿ ಹೇಳುವ ತನ್ನ ಬಾಯಿ, ಮೇಜಿನ ಮೇಲೆ ನಿತಿನ್‌ಭಾಯಿಯ ಕೈ.

“ಓದ್ತೀನಿ,” ಎಂದ. ಧ್ವನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಮನಸ್ವಿನಿ ಆಗ ಅವನ ಮುಖ ನೋಡಿದಳು. ಬಹಳ ದಿನಗಳ ಮೇಲೆ, ಹೆದರದೆ, ನೇರವಾಗಿ ನೋಡಿದಳು. ಅಲ್ಲಿ ಹೆದರಿಕೆ ಕುಳಿತದ್ದು ಅವಳಿಗೆ ಕಂಡಿತು. ತನಗೆ ಚೆನ್ನಾಗಿ ಪರಿಚಯವಿದ್ದ ಹೆದರಿಕೆಯೇ. ಪುಟವನ್ನು ಜೋಪಾನವಾಗಿ, ಅಂಚು ಹರಿಯದಂತೆ ಕಿತ್ತು, ನಾಲ್ಕು ಮಡಿಕೆ ಮಾಡಿ, ತನ್ನ ಕಂಪಾಸ್ ಡಬ್ಬಿಯೊಳಗಿಟ್ಟು ಮುಚ್ಚಿದಳು.

“ಬೇಡ. ನನ್ನ ಹತ್ರ ಇರ್ಲಿ. ನಾನು ಯಾರಿಗೂ ತೋರಿಸಲ್ಲ, ಅಪ್ಪಾ,” ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, ಅವನಿಗೆ ಧೈರ್ಯ ಹೇಳುವವಳಂತೆ, “ಪ್ರಾಮಿಸ್,” ಎಂದು ಸೇರಿಸಿದಳು.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸುಬ್ರಹ್ಮಣ್ಯನಿಗೆ ಅನಿಸಿತು.