ಕಾಶಿಬಾಯಿಯ ಉರಿ

ಸಿಂದಗಿಯ ನನ್ನ ಹಲ್ಲಿನ ದವಾಖಾನೆಗೆ ದೆವ್ವಗಳೂ ಬರುತ್ತವೆ ಎಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಯಂಕಂಚಿಯ ಹೊನ್ನವ್ವ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಮಾತೆಲ್ಲ ಅವಳ ಗಂಡ ಬಸಂತರಾಯನದೇ.

"ಬಾಯಾಗ ಬೆಂಕಿ ಬಿದ್ದಂಗ ಆಗತೈತಂತ್ರಿ. ರೊಟ್ಟಿ ಸೈತ ಇಳಿವಲ್ದು. ಇಕಿ ಅಕ್ಕ ಉಣ್ಣಾಕ ಬಿಡವಲ್ಲಳ್ರಿ."

ಆ ಅಕ್ಕ ಕಾಶಿಬಾಯಿ ಬಸಂತರಾಯನ ಮೊದಲ ಹೆಂಡತಿ. ಅವಳು ಕಾಮಾಲೆಯಾಗಿ ತೀರಿಕೊಂಡ ಮೇಲೆ, ಕೂಸನ್ನು ಸಾಕಲೆಂದು ತಂಗಿಯನ್ನೇ ತಂದುಕೊಂಡಿದ್ದರು. ಹಾಗೆ ಬಂದವಳು ಸತ್ತವಳ ಹೆಸರಿನ ಬೆಳ್ಳಿ ಪದಕವನ್ನು ಕೊರಳಿಗೆ ಕಟ್ಟಿಕೊಂಡು, ಉಣ್ಣುವಾಗ ಮೊದಲ ತುತ್ತನ್ನು ಅದಕ್ಕೆ ಮುಟ್ಟಿಸುವುದು ಅವರ ಮನೆಯ ಪದ್ಧತಿ. ಹೊನ್ನವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಪದಕ ತಾಗಿದಲ್ಲಿ ಗುಳ್ಳೆ ಎದ್ದಿದ್ದವು, ಬಾಯಿ ಹುಣ್ಣಾಗಿತ್ತು.

"ನನ್ನ ಮನಿಯಾಗ ಬಂದು ಕುಂತಿ ಅಂತ ಅಕ್ಕಗ ಸಿಟ್ಟು ಬಂದೈತ್ರಿ," ಎಂದಳು ಹೊನ್ನವ್ವ.

ನನಗೆ ಮೈ ಉರಿಯಿತು. "ಸತ್ತವರಿಗೆ ಬ್ಯಾರೆ ಕೆಲಸ ಇಲ್ಲೇನು? ಬಾಯಿ ತಗಿಯವ್ವಾ."

ಬಲಗಡೆಯ ದವಡೆ ಹಲ್ಲಿಗೆ ಯಾರೋ ಲೋಹದ ಕ್ಯಾಪ್ ಹಾಕಿದ್ದರು. ಹುಣ್ಣೆಲ್ಲ ಅದರ ಸುತ್ತಲೇ ಇತ್ತು. ಪದಕವೂ ಅಪ್ಪಟ ಬೆಳ್ಳಿಯಂತೆ ಕಾಣಲಿಲ್ಲ. ವಿಜಯಪುರದ ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು: ಕ್ಯಾಪಿನಲ್ಲೂ ಕಲಬೆರಕೆ ಬೆಳ್ಳಿಯಲ್ಲೂ ಇರುವ ನಿಕ್ಕಲ್ ಇವಳ ಮೈಗೆ ಆಗದು. ನಾನು ಕ್ಯಾಪ್ ತೆಗೆದು, ಲೋಹವಿಲ್ಲದ ಬಿಳಿಯದನ್ನು ಕೂರಿಸಿದೆ. ಬಸಂತರಾಯ ಅಪ್ಪಟ ಬೆಳ್ಳಿಯ ಪದಕ ಮಾಡಿಸಿದ. ಹೊನ್ನವ್ವ ಹಳೆಯ ಕ್ಯಾಪ್ ಕೇಳಿ ಇಸಿದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ಬಹಳ ಜನ ಹಾಗೆ ಕೇಳುತ್ತಾರೆ.

ಹುಣ್ಣು ಮಾಯಿತು. ಬಸಂತರಾಯ ಪೇಢೆ ತಂದುಕೊಟ್ಟ. ದೆವ್ವ ಬಿಡಿಸಿದ ಡಾಕ್ಟರ್ ಎಂದು ಊರಲ್ಲಿ ಮಾತಾಯಿತು. ಸುಳ್ಳೇಕೆ, ನಾನೂ ಹಿಗ್ಗಿದೆ.

ಶೀಗಿ ಹುಣ್ಣಿಮೆ ಕಳೆದ ಮೇಲೆ ಅವಳು ಒಬ್ಬಳೇ ಬಂದಳು. ಇನ್ನಷ್ಟು ಸೊರಗಿದ್ದಳು. ಈ ಸಲ ಹುಣ್ಣು ಎಡಗೆನ್ನೆಯ ಒಳಗಿತ್ತು. ಆ ಕಡೆ ನಾನೂ ಏನೂ ಹಾಕಿರಲಿಲ್ಲ, ಬೇರೆ ಯಾರೂ ಹಾಕಿರಲಿಲ್ಲ. ಎಂದೂ ದೆವ್ವ ನಂಬದ ನನ್ನ ಬೆರಳುಗಳು ಕೈಗವಸಿನೊಳಗೆ ತಣ್ಣಗಾದವು. ಪುಟ್ಟ ಕನ್ನಡಿ ಹಿಡಿದು ನೋಡಿದೆ. ಕೆನ್ನೆಯ ಸಂದಿಯಲ್ಲಿ ಏನೋ ಮಿನುಗಿತು.

ಅದೇ ಹಳೆಯ ಕ್ಯಾಪ್.

"ಹುಚ್ಚಿ ಇದ್ದೀಯೇನು? ಗಂಟಲಾಗ ಇಳದ್ರ ಏನ್ ಗತಿ?"

ಅವಳು ಅದನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿಕೊಂಡಳು. "ಉರಿ ಹೋದ ಮ್ಯಾಲ ಅಕ್ಕನೂ ಹೋದಳ್ರಿ. ಸಿಟ್ಟಾಗಿದ್ರೂ ನನ್ನ ಕೂಡ ಇದ್ದಳು. ಈಗ ಪದಕಕ್ಕ ತುತ್ತು ಮುಟ್ಟಸ್ತೇನಿ, ಏನೂ ಆಗಂಗಿಲ್ಲ. ಆ ಮನಿಯಾಗ ಅಕಿ ಹೆಸರ ಯಾರೂ ಎತ್ತಂಗಿಲ್ರಿ."

ಸಂಕಟವಾಯಿತು. ಅವಳಿಗೆ ಔಷಧ ಬರೆದುಕೊಡಬಹುದಿತ್ತು; ಅಕ್ಕನನ್ನು ಎಲ್ಲಿಂದ ತರಲಿ? ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ಕಾಶಿಬಾಯಿ ಹೆಂಗಿದ್ದಳು? ನನಗ ಹೇಳು."

ಹೊನ್ನವ್ವ ಕ್ಯಾಪನ್ನು ಬಾಯಿಂದ ತೆಗೆದು ನನ್ನ ಅಂಗೈಗೆ ಹಾಕಿದಳು.

"ಭಾಳ ನಗತಿದ್ದಳ್ರಿ," ಎಂದು ಶುರು ಮಾಡಿದಳು.

ಅಂದು ಅವಳು ಹೋದ ಮೇಲೆ ಊಟದ ಡಬ್ಬಿ ಬಿಚ್ಚಿದೆ. ತುತ್ತು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಮೊದಲ ತುತ್ತನ್ನು ಕಾಶಿಬಾಯಿಗೆಂದು ಬದಿಗಿಟ್ಟೆ.